ಹೊಗೆ ನೋಡಿದವಳು

ರೌಟಿಯೊ ರಸ್ತೆಯಲ್ಲಿ ಯಾರೂ ಯಾರ ಮನೆಯ ಬಾಗಿಲನ್ನೂ ಸುಮ್ಮನೆ ತಟ್ಟುವುದಿಲ್ಲ. ಬೆಳಿಗ್ಗೆ ಎದ್ದವರು ಕಾಫಿ ಕಾಯಿಸುತ್ತ, ಕಿಟಕಿಯಲ್ಲಿ ಕತ್ತು ಚಾಚಿ, ಎದುರುಮನೆಯ ಹೊಗೆಗೂಡು ನೋಡುತ್ತಾರೆ. ಹೊಗೆ ಏಳುತ್ತಿದ್ದರೆ ಆ ಮನೆಯವರು ಬದುಕಿದ್ದಾರೆ, ಇನ್ನು ಅವರ ಉಸಾಬರಿ ನಮಗೇಕೆ ಎಂದು ಪರದೆ ಎಳೆಯುತ್ತಾರೆ. ಎಂಟು ಗಂಟೆಯಾದರೂ ಹೊಗೆ ಕಾಣದಿದ್ದರೆ ಮಾತ್ರ ಬೂಟು ಏರಿಸಿಕೊಂಡು ಹೊರಡುತ್ತಾರೆ. ಅಮೆರಿಕದ ಸುಪೀರಿಯರ್ ಸರೋವರದ ದಂಡೆಯಲ್ಲಿ ವರ್ಷಕ್ಕೆ ಆರು ತಿಂಗಳು ಹಿಮದಲ್ಲಿ ಹೂತುಕೊಂಡಿರುವ ಫಿನ್ಲೆಂಡಿನಿಂದ ವಲಸೆ ಬಂದ ಫಿನ್ನರ ಮೊಮ್ಮಕ್ಕಳಿಗೆ ಇದಕ್ಕಿಂತ ಹೆಚ್ಚಿನ ಪ್ರೀತಿ ತೋರಿಸಲು ಬರುವುದಿಲ್ಲ. ಬೆಂಕಿಯಿಲ್ಲದೆ ಹೊಗೆಯಾಡದು ಎಂಬ ಮಾತಿದೆಯಲ್ಲ, ಅದಕ್ಕೆ ನಮ್ಮವರು ಇನ್ನೊಂದು ಗಂಟು ಹಾಕಿದ್ದಾರೆ: ಮನುಷ್ಯರಿಲ್ಲದೆ ಬೆಂಕಿಯಿರದು.

ಹಿಲ್ಜಾ ರೌಟಿಯೊ ಕೂಡ ಹಾಗೆಯೇ ನಂಬಿದ್ದಳು, ಇಲ್ಲವೇ ನಂಬಿದಂತೆ ನಟಿಸಿದ್ದಳು. ಅದರ ಫಲವಾಗಿ ಏಪ್ರಿಲ್ ತಿಂಗಳ ಒಂದು ಗುರುವಾರ ಬೆಳಿಗ್ಗೆ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಕೋರ್ಟಿನ ಎರಡನೆಯ ಮಹಡಿಯ ರಾಜಿ ಕೋಣೆಯಲ್ಲಿ ಕೈಚೀಲವನ್ನು ತೊಡೆಯ ಮೇಲೆ ಅವುಚಿಕೊಂಡು ಕೂತಿದ್ದಳು. ಎದುರಿಗೆ ಸೊಸೆ ಟ್ರೀನಾ ಕೂತಿದ್ದಳು. ಇಬ್ಬರೂ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಹಿಲ್ಜಾಳ ಮಗ ವೇಯ್ನ್ ಕಾಡಿನಲ್ಲಿ ಮರ ಬಿದ್ದು ಸತ್ತ ದಿನ, ಹೆಣದ ಮುಂದೆಯೇ, "ಬೆಳಿಗ್ಗೆ ನೀನು ಅವನ ಹತ್ರ ಜಗಳ ಆಡದೇ ಇದ್ದಿದ್ರೆ ಅವನು ತಲೆ ಎತ್ತಿ ನೋಡ್ತಿದ್ದ" ಎಂದು ಹಿಲ್ಜಾ ಸೊಸೆಗೆ ಹೇಳಿದ್ದಳು. ಅಂಥ ಮಾತನ್ನು ಆಡಿದ ಮೇಲೆ ವಾಪಸು ನುಂಗುವುದು ಯಾರಿಂದಲೂ ಆಗುವುದಿಲ್ಲ.

ಕೇಸು ಇಷ್ಟು. ಜನವರಿಯ ಒಂದು ಶುಕ್ರವಾರ ಸಂಜೆ ಟ್ರೀನಾ ತನ್ನ ಏಳು ವರ್ಷದ ಮಗಳು ಆಯ್ಲಿಯನ್ನು ಮನೆಯಲ್ಲಿ ಒಂಟಿಯಾಗಿ ಬಿಟ್ಟು, ಒಂದು ಗಂಟೆಯಲ್ಲಿ ಬಂದೆ ಎಂದು ಕಾರು ಹತ್ತಿದಳು. ನಶೆಗೆಂದು ನೋವಿನ ಮಾತ್ರೆ ಮಾರುವವನೊಬ್ಬನ ಮನೆಯಲ್ಲಿ ಮೂರು ದಿನ ಪ್ರಜ್ಞೆಯಿಲ್ಲದಂತೆ ಬಿದ್ದಿದ್ದಳು. ಸೋಮವಾರ ಮಗು ಶಾಲೆಗೆ ಬರಲಿಲ್ಲವೆಂದು ಟೀಚರು ಫೋನು ಮಾಡಿದ ಮೇಲೆ ಪೊಲೀಸಿನವನು ಹೋಗಿ ಬಾಗಿಲು ತೆಗೆದ. ಹೊರಗೆ ನೀರು ಬೀಳುವ ಮುಂಚೆಯೇ ಗಡ್ಡೆ ಕಟ್ಟುವ ಚಳಿಯಿತ್ತು. ಒಳಗೆ ಒಲೆ ನಿಗಿನಿಗಿ ಉರಿಯುತ್ತಿತ್ತು. ಮಗು ತಲೆ ಬಾಚಿಕೊಂಡು, ಮುಖ ತೊಳೆದುಕೊಂಡು, ಒಲೆಯ ಮುಂದೆ ಕೂತು ಬಣ್ಣ ಹಚ್ಚುತ್ತಿತ್ತು.

ಈಗ ಮಕ್ಕಳ ಇಲಾಖೆಯವರು ತಾಯಿಯ ಹಕ್ಕನ್ನೇ ಪೂರ್ತಿ ರದ್ದು ಮಾಡಿ ಎಂದು ಕೇಳಿದ್ದರು. ಬರುವ ಸೋಮವಾರ ವಿಚಾರಣೆ. ಹಕ್ಕು ಹೋದರೆ ಟ್ರೀನಾ ಇನ್ನು ಮಗಳ ಮುಖ ನೋಡುವ ಹಾಗಿಲ್ಲ. ಮಗು ಅಜ್ಜಿಗೆ ಸೇರುತ್ತದೆ. ಅದಕ್ಕೆ ಮೊದಲು ಒಂದು ದಿನ ಕೂತು ಮಾತಾಡಿ ನೋಡಿ ಎಂದು ಜಡ್ಜು ಎಲ್ಲರನ್ನೂ ಈ ಕೋಣೆಗೆ ಅಟ್ಟಿದ್ದರು.

ಮಾತಾಡಿಸುವವಳು ಮಾರ್ಗೋ ಪೆಲ್ಟಿಯರ್. ಮೂವತ್ತು ವರ್ಷ ಶಾಲೆಯ ಲೈಬ್ರರಿ ನೋಡಿಕೊಂಡಿದ್ದ ಹೆಂಗಸು. ಕನ್ನಡಕದ ಮೇಲಿಂದ ಒಮ್ಮೆ ನೋಡಿದರೆ ಗಂಟಲು ಕೆರೆಯುವವನೂ ಸುಮ್ಮನಾಗಬೇಕು.

"ನಾನು ಜಡ್ಜ್ ಅಲ್ಲ," ಎಂದಳು ಮಾರ್ಗೋ. "ಯಾರು ಸರಿ ಯಾರು ತಪ್ಪು ಅಂತ ನಾನು ಹೇಳಲ್ಲ. ಇಲ್ಲಿ ಆಡಿದ ಮಾತು ಇಲ್ಲೇ ಇರತ್ತೆ. ನಾನು ಏನಾದ್ರೂ ಬರ್ಕೊಂಡ್ರೆ ಸಂಜೆ ನಿಮ್ಮ ಕಣ್ಮುಂದೇನೇ ಹರಿದು ಹಾಕ್ತೀನಿ. ನೀವೆಲ್ಲ ಒಪ್ಪಿದ ಕರಾರು ಮಾತ್ರ ಜಡ್ಜ್ ಹತ್ರ ಹೋಗತ್ತೆ. ಮಗು ಮುಂದೆ ಅಪಾಯದಲ್ಲಿದೆ ಅಂತ ಗೊತ್ತಾದ್ರೆ ಮಾತ್ರ ನಾನು ಬಾಯಿ ಬಿಡಬೇಕಾಗತ್ತೆ."

ಮಕ್ಕಳನ್ನು ಆ ಕೋಣೆಗೆ ಕರೆಸುವುದಿಲ್ಲ. ಅದರ ಬದಲು ಮಾರ್ಗೋ ಮೇಜಿನ ತುದಿಗೆ ಒಂದು ಪುಟ್ಟ ಹಳದಿ ಕುರ್ಚಿ ಹಾಕಿ, ಅದರ ಮೇಲೆ ಮಗುವಿನ ಫೋಟೊ ಒರಗಿಸಿಡುತ್ತಾಳೆ. ದೊಡ್ಡವರು ಜಗಳದ ಭರದಲ್ಲಿ ಯಾರ ವಿಷಯಕ್ಕೆ ಬಂದಿದ್ದೇವೆ ಎಂಬುದನ್ನೇ ಮರೆತುಬಿಡುತ್ತಾರಂತೆ. ಫೋಟೊದಲ್ಲಿ ಆಯ್ಲಿ ಮುಂದಿನ ಹಲ್ಲು ಬಿದ್ದ ಬಾಯಿ ತೆರೆದು ನಗುತ್ತಿದ್ದಳು. ಹಿಲ್ಜಾ ಆ ಕಡೆ ಒಂದು ಸಲ ನೋಡಿ ಮತ್ತೆ ನೋಡಲಿಲ್ಲ.

ಮೊದಲ ಒಂದು ಗಂಟೆ ಇಲಾಖೆಯ ಕೆಸ್ಲರ್ ಮಾತಾಡಿದ. ಅವನು ಕೆಟ್ಟವನಲ್ಲ, ಆದರೆ ಎಲ್ಲವನ್ನೂ ಫೈಲಿನಲ್ಲಿ ನೋಡಿಯೇ ಹೇಳುತ್ತಿದ್ದ. ಟ್ರೀನಾ ಮಾತ್ರೆ ಬಿಟ್ಟು ಹನ್ನೊಂದು ವಾರ ಆಯಿತು ಎಂಬುದನ್ನೂ ಫೈಲು ನೋಡಿಯೇ ಹೇಳಿದ. ಟ್ರೀನಾಳ ವಕೀಲ ಗೋಡೆಗೆ ಒರಗಿ ಕೂತು ಪೆನ್ನಿನ ಮುಚ್ಚಳ ಕಚ್ಚುತ್ತಿದ್ದ.

"ಹನ್ನೊಂದು ವಾರ ಸಾಲದು ಅಂತ ನನಗೂ ಗೊತ್ತು," ಎಂದಳು ಟ್ರೀನಾ. ಅವಳ ಕೆನ್ನೆ ಒಳಗೆ ಹೋಗಿತ್ತು. "ನಾನು ಮಾಡಿದ್ದು ಸರಿ ಅಂತ ಹೇಳಕ್ಕೆ ಬಂದಿಲ್ಲ. ಅವಳನ್ನ ಆಗಾಗ ನೋಡಕ್ಕಾದ್ರೂ ಬಿಡಿ."

ಆಮೇಲೆ ಮಗುವಿನ ಪರವಾಗಿ ಕೋರ್ಟು ನೇಮಿಸಿದ ವಕೀಲೆ ನದೀನ್ ವೋಸ್ ತನ್ನ ಪುಸ್ತಕ ತೆರೆದಳು. ಇಲಾಖೆಯವರು ಆಯ್ಲಿಯನ್ನು ಇರಿಸಿದ್ದ ಸಾಕುಮನೆಗೆ ಹೋಗಿ ಅವಳು ಮಗುವನ್ನು ಮಾತಾಡಿಸಿ ಬಂದಿದ್ದಳು.

"ಅವಳು ಹೇಳಿದ್ದನ್ನ ಹಾಗೇ ಓದ್ತೀನಿ. 'ನಂಗೆ ಮನೆಗೆ ಹೋಗ್ಬೇಕು. ಅಮ್ಮನೂ ಬರ್ಲಿ.' ಭಯ ಆಗ್ಲಿಲ್ವಾ ಅಂತ ಕೇಳ್ದೆ. 'ಇಲ್ಲ, ಮುಮ್ಮು ಇದ್ಲು' ಅಂದ್ಲು. ಬೆಂಕಿ ಯಾರು ಹಾಕಿದ್ದು? 'ಮುಮ್ಮು.' ಯಾವಾಗ ಬಂದ್ಲು? 'ಅವಳು ಬರಲ್ಲ. ಅವಳು ಒಲೆ ಹಿಂದೆ ಇರ್ತಾಳೆ.'"

ನಮ್ಮ ಕಡೆ ಅಜ್ಜಿಗೆ ಮುಮ್ಮು ಎನ್ನುತ್ತಾರೆ. ಆಯ್ಲಿಗೆ ಇರುವುದು ಒಬ್ಬಳೇ ಮುಮ್ಮು. ಎಲ್ಲರೂ ಹಿಲ್ಜಾಳ ಕಡೆ ತಿರುಗಿದರು.

ಕೆಸ್ಲರ್ ಫೈಲಿನ ಹಾಳೆ ಮಗುಚಿದ. "ಪೊಲೀಸ್ ವರದೀಲೂ ಒಂದು ಸಾಲಿದೆ. ಒಲೆ ಪಕ್ಕದ ಸೌದೆ ಪೆಟ್ಟಿಗೆ ತುಂಬಿತ್ತಂತೆ. ಆ ಪೆಟ್ಟಿಗೇಲಿ ಹಿಡಿಯೋದು ಒಂದು ದಿನದ ಸೌದೆ. ಸೌದೆ ಕೊಟ್ಟಿಗೆಗೂ ಬಾಗಿಲಿಗೂ ನಡುವೆ ಹಿಮದಲ್ಲಿ ಹೆಜ್ಜೆ ಗುರುತೇ ಇರಲಿಲ್ಲ ಅಂತಾನೂ ಬರೆದಿದ್ದಾನೆ. ಅದನ್ನ ನಾವ್ಯಾರೂ ಗಮನಿಸಿರಲಿಲ್ಲ. ಮಿಸೆಸ್ ರೌಟಿಯೊ, ಆ ಮೂರು ದಿನ ನೀವೇನಾದ್ರೂ ಅಲ್ಲಿಗೆ ಹೋಗಿದ್ರಾ?"

ಟ್ರೀನಾ ಕುರ್ಚಿಯಿಂದ ಅರ್ಧ ಎದ್ದಳು. "ನೀವು ಅಲ್ಲಿದ್ರಾ? ಅಲ್ಲಿದ್ದು ಸುಮ್ನಿದ್ರಾ?"

ವಕೀಲ ಪೆನ್ನಿನ ಮುಚ್ಚಳ ಬಾಯಿಂದ ತೆಗೆದ. "ಅಜ್ಜಿ ಇದ್ದರು ಅಂದ್ರೆ ಮಗು ಒಂಟಿಯಾಗಿರಲಿಲ್ಲ. ಆಗ ಕೇಸೇ ಬೇರೆ," ಎಂದ. ಅಂದು ಅವನು ಆಡಿದ ಮೊದಲ ಮಾತು ಅದು.

ಮಾರ್ಗೋ ಕನ್ನಡಕದ ಮೇಲಿಂದ ಎಲ್ಲರನ್ನೂ ನೋಡಿದಳು. ಹಿಲ್ಜಾ ಕೈಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುವುದನ್ನೂ ನೋಡಿದಳು. "ನಾನು ಮಿಸೆಸ್ ರೌಟಿಯೊ ಜೊತೆ ಸ್ವಲ್ಪ ಬೇರೆಯಾಗಿ ಮಾತಾಡ್ತೀನಿ. ಉಳಿದವರು ಕೆಳಗೆ ಹೋಗಿ ಕಾಫಿ ಕುಡೀರಿ," ಎಂದಳು.

ಬಾಗಿಲು ಮುಚ್ಚಿತು. ಕೋಣೆಯಲ್ಲಿ ಇಬ್ಬರು ಹೆಂಗಸರು, ಒಂದು ಹಳದಿ ಕುರ್ಚಿ.

ಹಿಲ್ಜಾ ಲೆಕ್ಕ ಹಾಕಿದಳು. ಹೌದು, ನಾನೇ ಇದ್ದೆ ಎಂದರೆ ಸೊಸೆ ಬಚಾವಾಗುತ್ತಾಳೆ, ಮೊಮ್ಮಗಳು ಕೈಬಿಟ್ಟು ಹೋಗುತ್ತಾಳೆ. ಇಲ್ಲ ಎಂದರೆ ಸೋಮವಾರ ಜಡ್ಜು ಸಹಿ ಹಾಕುತ್ತಾರೆ, ಆಯ್ಲಿ ತನ್ನವಳಾಗುತ್ತಾಳೆ. ವೇಯ್ನ್‌ನದು ಅಂತ ಈ ಭೂಮಿಯ ಮೇಲೆ ಉಳಿದಿರುವುದು ಆ ಹಲ್ಲಿಲ್ಲದ ಬಾಯಿ ಒಂದೇ. ಮೇಲಾಗಿ 'ಇಲ್ಲ' ಎನ್ನುವುದು ಸುಳ್ಳೂ ಅಲ್ಲ. ಅವಳು ಆ ಮನೆಗೆ ಕಾಲಿಟ್ಟಿರಲಿಲ್ಲ. ಪೊಲೀಸಿನವನು ಕೇಳಿದಾಗಲೂ ಇಲ್ಲ ಎಂದಿದ್ದಳು. ನಿಜವನ್ನೇ ಹೇಳಿ ಮುಚ್ಚಿಡುವಷ್ಟು ಚೆನ್ನಾಗಿ ಸುಳ್ಳು ಹೇಳಿ ಮುಚ್ಚಿಡಲು ಆಗುವುದಿಲ್ಲ.

"ಇಲ್ಲ," ಎಂದಳು ಹಿಲ್ಜಾ. "ನಾನು ಹೋಗಿರ್ಲಿಲ್ಲ."

ಮಾರ್ಗೋ ತಲೆಯಾಡಿಸಿ ಬರೆದುಕೊಂಡಳು. ಬರೆಯುತ್ತಿದ್ದವಳು ನಿಲ್ಲಿಸಿ, ಮೂಗು ಎತ್ತಿ, ಸುತ್ತ ನೋಡಿದಳು. "ಏನೋ ಸುಡ್ತಾ ಇರೋ ವಾಸನೆ. ನಿಮಗೂ ಬರ್ತಿದ್ಯಾ? ಈ ಕಟ್ಟಡದಲ್ಲಿ ಒಂದು ಒಲೇನೂ ಇಲ್ಲ."

ಹಿಲ್ಜಾಳಿಗೆ ಆಗಲೇ ಬಂದಿತ್ತು. ಬರ್ಚ್ ಮರದ ತೊಗಟೆ ಹೊತ್ತಿಕೊಳ್ಳುವಾಗಿನ ಸಿಹಿ ವಾಸನೆ. ಹಳದಿ ಕುರ್ಚಿಯಿದ್ದ ಕಡೆಯ ಅವಳ ಕೆನ್ನೆ, ಒಲೆಗೆ ಮುಖ ಕೊಟ್ಟು ಕೂತಂತೆ, ಬಿಸಿಯಾಗುತ್ತಿತ್ತು. ಅವಳು ತನ್ನ ಕುರ್ಚಿಯನ್ನು ಸ್ವಲ್ಪ ಈಚೆಗೆ ಎಳೆದುಕೊಂಡಳು.

"ಬರ್ತಿದೆ," ಎಂದಳು. "ನನ್ನ ಅತ್ತೆಯದು ಅದು."

ಮಾರ್ಗೋ ಪೆನ್ನು ಕೆಳಗಿಟ್ಟಳು. ಲೈಬ್ರರಿಯಲ್ಲಿ ಕೂತವಳಿಗೆ ಕಾಯುವುದು ಗೊತ್ತಿರುತ್ತದೆ.

"ಟ್ರೀನಾ ಇರೋದು ನನ್ನ ಅತ್ತೆ ಲೋವಿಸಾ ಇದ್ದ ಮನೆ. ನಾನು ಮದುವೆಯಾಗಿ ಬಂದಿದ್ದೂ ಅಲ್ಲಿಗೇ. ನಾನು ಹಾಕಿದ ಬೆಂಕಿ ಒಂದು ದಿನಾನೂ ಅವಳಿಗೆ ಸರಿ ಹೋಗ್ಲಿಲ್ಲ. 'ನಿನ್ನ ಹೊಗೆ ನೋಡು, ಕುದುರೆ ಬಾಲದ ಹಾಗೆ ಕಪ್ಪಗಿದೆ, ಊರೆಲ್ಲ ನಗತ್ತೆ' ಅಂತಿದ್ಲು. ಅವಳು ತೊಗಟೆ ಕೆಳಗೆ ಮಾಡಿ ಸೌದೆ ಇಡ್ತಿದ್ಲು. ಮುಂದುಗಡೆ ಒಂದು ಚಕ್ಕೆ ಅಡ್ಡ. ಅದರ ಹೊಗೆ ತೆಳ್ಳಗೆ, ಬೆಳ್ಳಗೆ, ನೂಲಿನ ಹಾಗೆ ನೆಟ್ಟಗೆ ಹೋಗೋದು. ಈ ರಸ್ತೇಲಿ ಇನ್ಯಾರಿಗೂ ಅದು ಬರಲ್ಲ. ಕದ್ದು ನೋಡಿ ಮಾಡಿದ್ರೂ ನಂಗೆ ಬರಲ್ಲ, ಅವಳು ಕಲಿಸ್ಲೇ ಇಲ್ಲ."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಹಿಲ್ಜಾಳ ಕಾಲ ಬಂದಾಗ ಅವಳು ಗಂಡನನ್ನು ಕರೆದುಕೊಂಡು ಹುಲ್ಲುಗಾವಲಿನ ಆಚೆ ಹೊಸ ಮನೆ ಕಟ್ಟಿಸಿಕೊಂಡಳು. ಅಲ್ಲಿಂದ ಬೆಳಿಗ್ಗೆ ಬೆಳಿಗ್ಗೆ ಕಿಟಕಿಯಲ್ಲಿ ಹೊಗೆ ನೋಡುವುದು, ಮುದುಕಿ ಗಟ್ಟಿಯಾಗಿದ್ದಾಳೆ ಎಂದುಕೊಳ್ಳುವುದು, ಅಷ್ಟೇ. ಮೂವತ್ತೆರಡು ವರ್ಷದ ಹಿಂದೆ, ಒಂದು ಜನವರಿಯಲ್ಲಿ, ಗಂಡ ಕಾಡಿನ ಕೆಲಸಕ್ಕೆ ಹೋಗಿದ್ದಾಗ, ನಾಲ್ಕು ದಿನ ಅವಳು ಹೀಗೆಯೇ ನೋಡಿದಳು. ನಾಲ್ಕೂ ದಿನ ಬೆಳ್ಳಗೆ ನೆಟ್ಟಗೆ ಹೊಗೆ ಏಳುತ್ತಿತ್ತು. ಐದನೆಯ ದಿನ ಹಿಟ್ಟು ಸಾಲ ಕೇಳಲು ಹೋದರೆ ಲೋವಿಸಾ ಒಲೆಯ ಹಿಂದಿನ ಕುರ್ಚಿಯಲ್ಲಿ ಕೂತಂತೆಯೇ ಸತ್ತಿದ್ದಳು.

"ಡಾಕ್ಟ್ರು ನೋಡಿ, ಸತ್ತು ಮೂರು ದಿನದ ಮೇಲಾಗಿದೆ ಅಂದ್ರು," ಎಂದಳು ಹಿಲ್ಜಾ. "ಒಲೆ ಮುಟ್ಟಿದೆ. ಬಿಸಿಯಿತ್ತು. ಪೆಟ್ಟಿಗೆ ತುಂಬಾ ಸೌದೆ ಇತ್ತು. ನಾನು ಯಾರಿಗೂ ಹೇಳ್ಲಿಲ್ಲ. ಏನಂತ ಹೇಳ್ಲಿ?"

"ಈ ಜನವರೀಲಿ ಏನಾಯ್ತು?"

"ಶನಿವಾರ ಬೆಳಿಗ್ಗೆ ಕಿಟಕೀಲಿ ನೋಡ್ದೆ. ಟ್ರೀನಾ ಕಾರಿರ್ಲಿಲ್ಲ, ಮಗು ಒಳಗೆ ಓಡಾಡೋದು ಕಾಣ್ತಿತ್ತು. ಟ್ರೀನಾ ಒಲೆ ಹಾಕಿದ್ರೆ ನನ್ನದಕ್ಕಿಂತ ಕಪ್ಪು ಹೊಗೆ. ಆದ್ರೆ ಆವತ್ತು..." ಅವಳು ಬೆರಳೊಂದನ್ನು ನೆಟ್ಟಗೆ ಮೇಲಕ್ಕೆತ್ತಿದಳು. "ಯಾರ ಬೆಂಕಿ ಅಂತ ಗೊತ್ತಾಯ್ತು. ಕಾಲು ಬರ್ಲಿಲ್ಲ. ಮಗು ಒಂಟಿ ಇಲ್ಲ, ಅವಳಿದ್ದಾಳೆ ಅಂದ್ಕೊಂಡೆ. ಭಾನುವಾರಾನೂ ಹಾಗೇ."

ಮಾರ್ಗೋ ಕನ್ನಡಕ ತೆಗೆದು ಒರೆಸಿಕೊಂಡಳು. ನಂಬಿದಳೋ ಬಿಟ್ಟಳೋ ಅವಳಿಗೇ ಗೊತ್ತು. "ಇದನ್ನ ಟ್ರೀನಾಗೆ ಹೇಳೋದಾ ಬೇಡ್ವಾ ಅನ್ನೋದು ನಿಮಗೆ ಬಿಟ್ಟಿದ್ದು. ನಾನಾಗಿ ಹೇಳಲ್ಲ," ಎಂದಳು ಕೊನೆಗೆ. "ಒಂದೇ ಕೇಳ್ತೀನಿ. ಭಯ ಒಂದೇನಾ ನಿಮ್ಮನ್ನ ತಡೆದಿದ್ದು?"

ಹಿಲ್ಜಾ ಮೊದಲ ಬಾರಿಗೆ ಹಳದಿ ಕುರ್ಚಿಯ ಕಡೆ ನೇರವಾಗಿ ನೋಡಿದಳು.

ಎಲ್ಲರೂ ವಾಪಸು ಬಂದು ಕೂತಾಗ ಅವಳು ಮತ್ತೆ ಮೊದಲಿನಿಂದ ಹೇಳಿದಳು, ಯಾರ ಮುಖವನ್ನೂ ನೋಡದೆ, ಅತ್ತೆಯ ಹೆಸರು ಹೇಳುವಾಗ ದನಿ ತಗ್ಗಿಸಿ. ಕೆಸ್ಲರ್ ಫೈಲು ಮುಚ್ಚಿದ. ಅದರಲ್ಲಿ ಇದಕ್ಕೆ ಜಾಗವಿರಲಿಲ್ಲ.

"ಭಾನುವಾರ ಮಧ್ಯಾಹ್ನ ಫೋನು ಕೈಗೆ ತಗೊಂಡೆ," ಎಂದಳು ಹಿಲ್ಜಾ. "ಆಮೇಲೆ ಕೆಳಗಿಟ್ಟೆ. ಯಾಕೆ ಅಂತಾನೂ ಹೇಳ್ಬಿಡ್ತೀನಿ. ಇನ್ನೊಂದು ದಿನ ಹೋಗ್ಲಿ ಅನ್ನಿಸ್ತು. ಒಂದು ರಾತ್ರಿ ಬಿಟ್ಟು ಹೋದ್ರೆ ಬೈದು ಬಿಟ್ಬಿಡ್ತಾರೆ, ಮೂರು ದಿನ ಆದ್ರೆ ಅವಳ ಕತೆ ಮುಗಿಯತ್ತೆ, ಮಗು ನನಗೆ ಬರತ್ತೆ ಅನ್ನಿಸ್ತು. ಬೆಂಕಿ ಹೇಗೂ ಉರೀತಿತ್ತಲ್ಲ."

ಟ್ರೀನಾ ಅತ್ತೆಯನ್ನೇ ನೋಡುತ್ತಿದ್ದಳು. ಅವಳು ಕೂಗಾಡುತ್ತಾಳೆ ಎಂದು ಮಾರ್ಗೋ ನೀರಿನ ಲೋಟಗಳನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದಳು.

"ಕಾರಿಲ್ಲ ಅಂತ ನೋಡಿದ್ರಿ," ಎಂದಳು ಟ್ರೀನಾ ನಿಧಾನವಾಗಿ.

"ನೋಡ್ದೆ."

"ನನಗಾದ್ರೂ ಪ್ರಜ್ಞೆ ಇರ್ಲಿಲ್ಲ."

"ಹೌದು," ಎಂದಳು ಹಿಲ್ಜಾ. "ನಂಗಿತ್ತು."

ಆ ಎರಡು ಮಾತಿನ ನಂತರ ಕೆಲಸ ನಡೆಯಿತು. ನಡೆದದ್ದು ಕ್ಷಮೆಯೇನಲ್ಲ. ಆದರೆ ಇಬ್ಬರೂ ಒಂದೇ ಕಟಕಟೆಯಲ್ಲಿ ನಿಂತವರಂತೆ ಒಬ್ಬರ ಮೇಲೊಬ್ಬರು ಬೆರಳು ತೋರಿಸುವುದನ್ನು ಬಿಟ್ಟಿದ್ದರು. ಇಲಾಖೆಯವರು ಆರು ತಿಂಗಳು ಅರ್ಜಿಯನ್ನು ತಡೆಹಿಡಿಯುವುದು. ಟ್ರೀನಾ ಚಿಕಿತ್ಸೆ ಬಿಡಕೂಡದು. ರಾತ್ರಿ ಅವಳು ಪಟ್ಟಣದ ಚಿಕಿತ್ಸಾ ಮನೆಯಲ್ಲಿ ಇರುವುದು, ಹಗಲೆಲ್ಲ ಮಗುವಿನ ಜೊತೆ. ಕೆಸ್ಲರನ ಕಡೆಯವರು ವಾರಕ್ಕೆರಡು ಸಲ ಹೇಳದೆ ಕೇಳದೆ ಬಂದು ನೋಡುವುದು. ಮಗು ಎಲ್ಲಿರಬೇಕು ಎಂಬುದಕ್ಕೆ ಬಂದಾಗ ಹಿಲ್ಜಾಳ ಹೊಸ ಮನೆ ಎಂದು ಕೆಸ್ಲರ್ ಬರೆಯಹೊರಟ.

"ಬೇಡ," ಎಂದಳು ಹಿಲ್ಜಾ. "ಅವಳು ಅವಳ ಮನೇಲೇ ಇರ್ಲಿ. ನಾನೇ ಅಲ್ಲಿಗೆ ಹೋಗಿ ಇರ್ತೀನಿ."

ಮೂವತ್ತೆರಡು ವರ್ಷದಲ್ಲಿ ಅವಳು ಆ ಅಡುಗೆಮನೆಯಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ಕೂತವಳಲ್ಲ. ಮಗನ ಮದುವೆಯ ದಿನವೂ ಜಗುಲಿಯಲ್ಲೇ ನಿಂತು ಕೇಕು ತಿಂದು ಬಂದಿದ್ದಳು.

ಏಳನೆಯ ಕರಾರನ್ನು ಹೇಳಿದವಳು ಟ್ರೀನಾ. ದಿನಾ ಬೆಳಿಗ್ಗೆ ಎಂಟಕ್ಕೆ ತಾನು ಬಂದು ಬಾಗಿಲು ತಟ್ಟಬೇಕು, ಮಗುವೇ ಬಂದು ಬಾಗಿಲು ತೆಗೆಯಬೇಕು. ಹೊಗೆ ಇದೆಯೋ ಇಲ್ಲವೋ ಅದನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ.

"ಕೋರ್ಟಿನ ಕಾಗದದಲ್ಲಿ ಹೊಗೆ ಅಂತ ಬರೆದ್ರೆ ಜಡ್ಜ್ ಏನಂತಾರೆ?" ಎಂದ ಕೆಸ್ಲರ್.

"ಅವರೂ ಈ ಊರವರೇ," ಎಂದಳು ಮಾರ್ಗೋ. "ಬರೀರಿ."

ಸಹಿಗಳಾದ ಮೇಲೆ ಅವಳು ತನ್ನ ಟಿಪ್ಪಣಿಗಳನ್ನು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದಳು. ಹಳದಿ ಕುರ್ಚಿಯನ್ನು ಎತ್ತಿಡಲು ಹೋದವಳು ಬಿಸಿ ತಾಗಿದಂತೆ ಕೈ ಹಿಂದಕ್ಕೆಳೆದುಕೊಂಡು, ಬೆರಳುಗಳನ್ನು ಉಜ್ಜಿಕೊಂಡು, ಕುರ್ಚಿಯನ್ನು ಅಲ್ಲೇ ಬಿಟ್ಟು ದೀಪ ಆರಿಸಿದಳು.

ಜಡ್ಜು ಸೋಮವಾರ ಒಪ್ಪಿದರು. ಏಳನೆಯ ಕರಾರನ್ನು ಎರಡು ಸಲ ಓದಿ ಸಹಿ ಹಾಕಿದರಂತೆ. ಹದಿನೈದು ದಿನ ಕಳೆದು, ಹಿಲ್ಜಾ ಎರಡು ಪೆಟ್ಟಿಗೆ ಬಟ್ಟೆ ಹೊತ್ತುಕೊಂಡು ಹಳೆಯ ಮನೆಗೆ ಬಂದಳು. ಆಯ್ಲಿಯನ್ನು ಕೆಸ್ಲರನೇ ಬಿಟ್ಟು ಹೋದ. ಮಗು ಬಂದದ್ದೇ ಮನೆಯೆಲ್ಲ ಓಡಾಡಿ, ಒಲೆಯ ಹಿಂದೆ ಇಣುಕಿ, ತೃಪ್ತಿಯಿಂದ ವಾಪಸು ಬಂದು ಊಟಕ್ಕೆ ಕೂತಿತು. ಏನು ನೋಡಿದೆ ಎಂದು ಹಿಲ್ಜಾ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಏಳು ಗಂಟೆಗೆ, ಕಿಟಕಿಯ ತುಂಬ ಬಿಸಿಲು ಬಿದ್ದಿರುವಾಗ, ಹಿಲ್ಜಾ ಒಲೆಯ ಮುಂದೆ ಮಂಡಿಯೂರಿದಳು. ಒಲೆಯ ಹಿಂದಿನ ಖಾಲಿ ಕುರ್ಚಿಗೆ ಮುಖ ಕೊಟ್ಟು ಕೂರಲು ಧೈರ್ಯ ಸಾಲದೆ ಪಕ್ಕಕ್ಕೆ ತಿರುಗಿ ಕೂತಳು. ಕಾಗದ ಮುದುರಿ, ಸೌದೆ ಒಟ್ಟಿ, ಕಡ್ಡಿ ಗೀರಿದಳು. ಆಯ್ಲಿ ಬರಿಗಾಲಲ್ಲಿ ಬಂದು ನಿಂತು ನೋಡಿದಳು.

"ಹಾಗಲ್ಲ ಮುಮ್ಮು. ಕಪ್ಪು ಹೊಗೆ ಬರತ್ತೆ," ಎಂದಳು.

ಅವಳು ಕೂತು ಸೌದೆಯನ್ನೆಲ್ಲ ಹೊರಗೆ ತೆಗೆದಳು. ಬರ್ಚ್ ತುಂಡುಗಳ ತೊಗಟೆ ಕೆಳಗೆ ಮಾಡಿ ಒಂದೊಂದಾಗಿ ಇಟ್ಟಳು. ಮುಂದುಗಡೆ ಒಂದು ಚಕ್ಕೆಯನ್ನು ಅಡ್ಡ ಮಲಗಿಸಿದಳು. ಹಿಲ್ಜಾ ಐವತ್ತು ವರ್ಷದ ಹಿಂದೆ ಈ ನೆಲದ ಮೇಲೆಯೇ ಕೂತು, ಇನ್ನೊಂದು ಜೊತೆ ಕೈಗಳು ಇದನ್ನೇ ಮಾಡುವುದನ್ನು ಕದ್ದು ನೋಡಿದ್ದಳು. ಬೆಂಕಿ ಒಂದೇ ಕಡ್ಡಿಗೆ ಹತ್ತಿತು.

"ಆವಾಗ್ಲೂ ನೀನೇ ಹಾಕಿದ್ಯಾ?" ಎಂದಳು ಹಿಲ್ಜಾ.

"ಸೌದೆ ಅವಳು ತರ್ತಿದ್ಲು. ಇಡೋದು ನಂಗೆ ಕಲಿಸಿದ್ಲು." ಮಗು ಒಲೆಯ ಬಾಗಿಲು ಮುಚ್ಚಿ ಕೈ ಕೊಡವಿಕೊಂಡಿತು. "ನೀನು ಆ ಕಿಟಕೀಲಿ ನಿಂತಿರೋದು ಕಾಣ್ತಿತ್ತು ಮುಮ್ಮು. ನಾನು ಕೈ ಬೀಸ್ದೆ. ಹೊಗೆ ನಿಂತ್ರೆ ನೀನು ಬರ್ತೀಯ ಅಂತ ನಂಗೆ ಗೊತ್ತಿತ್ತು. ಅದಕ್ಕೆ, ಬೆಂಕಿ ಆರಿಸ್ಲಾ ಅಂತ ಅವಳನ್ನ ಕೇಳ್ದೆ."

"ಏನಂದ್ಲು?"

"ಬೇಡ ಅಂದ್ಲು. ಹೊಗೆ ಇಲ್ಲ ಅಂತ ಬರೋದು ಬೇಡ, ನಿನ್ನ ನೋಡ್ಬೇಕು ಅಂತ ಬರ್ಲಿ ಅಂದ್ಲು. ನಾನೂ ಅವಳಿಗೆ ಹೀಗೇ ಕಾದಿದ್ದೆ ಇಲ್ಲೇ, ಅಂದ್ಲು."

ಹಿಲ್ಜಾ ಕೂತಲ್ಲೇ ಕೂತಳು. ಅವಳ ಕಣ್ಣಿಂದ ನೀರು ಇಳಿದು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಬೇಕೆಂದೂ ತೋಚಲಿಲ್ಲ. ಹೊರಗೆ ಹೊಗೆ ಬೆಳ್ಳಗೆ, ನೆಟ್ಟಗೆ ಏಳುತ್ತಿರಬೇಕು. ಎದುರು ಸಾಲಿನ ಮನೆಗಳವರು ಅದನ್ನು ನೋಡಿ, ಎಲ್ಲ ಸರಿಯಿದೆ ಎಂದು ಪರದೆ ಎಳೆದಿರಬೇಕು.

"ತಪ್ಪಾಯ್ತು," ಎಂದಳು ಅವಳು.

"ಪರವಾಗಿಲ್ಲ ಮುಮ್ಮು," ಎಂದು ಆಯ್ಲಿ ಅವಳ ಬೆನ್ನು ಸವರಿದಳು.

ಅಷ್ಟರಲ್ಲಿ ಎಂಟು ಗಂಟೆಯಾಯಿತು. ಟ್ರೀನಾ ಬಾಗಿಲು ತಟ್ಟಿದಳು, ಕರಾರಿನಲ್ಲಿ ಬರೆದಿದ್ದ ಹಾಗೆ, ಮತ್ತು ಮಗು ಓಡಿಹೋಗಿ ತೆರೆಯಿತು. ಹಿಲ್ಜಾ ಮಾತ್ರ ಒಲೆಯ ಹಿಂದಿನ ಕುರ್ಚಿಯನ್ನೇ ನೋಡುತ್ತ ಇನ್ನೊಮ್ಮೆ, ಈ ಸಲ ಅತ್ತೆಗೆ, ತಪ್ಪಾಯ್ತು ಎಂದಳು.